ಪರವಾ ಅಂದರೆ ಯಾವತ್ತು?

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ, ಪುಣೆಯಲ್ಲಿ ಪಂಪು ತಯಾರಿಸುವ ಕಾರ್ಖಾನೆಯೊಂದರ ಮೀಟಿಂಗ್ ಕೋಣೆಯಲ್ಲಿ, ಹದಿನಾಲ್ಕು ಜನರ ಎದುರಿಗೆ, ಸ್ಟೋರ್ಸ್ ವಿಭಾಗದ ಬಸವಪ್ರಭು ಟಿವಿಯ ರಿಮೋಟನ್ನು ಕಿವಿಗೆ ಹಿಡಿದು "ಹಲೋ" ಅಂದ.

ಫೋನು ರಿಂಗಾದದ್ದು ನಿಜ. ಆದರೆ ಅದು ಪಕ್ಕದವನದು. ಆ ಕಡೆಯಿಂದ ಸದ್ದಿಲ್ಲ ಎಂದು ಬಸವಪ್ರಭು ಇನ್ನಷ್ಟು ಗಟ್ಟಿಯಾಗಿ "ಕೋಣ್? ಕೋಣ್ ಬೋಲ್ತಂಯ್?" ಎಂದು ಗದರಿದ. ಮರಾಠಿಯಲ್ಲಿ ಕೋಣ್ ಎಂದರೆ ಯಾರು. ಕೋಣೆಯಲ್ಲಿದ್ದ ಕನ್ನಡದವರಿಗೆ ಮಾತ್ರ ಆ ಪ್ರಶ್ನೆಗೆ ಉತ್ತರ ಕನ್ನಡದಲ್ಲೇ ಹೊಳೆದಿರಬೇಕು!

ಮ್ಯಾನೇಜರ್ ಏಕನಾಥ ಸಾಹೇಬರು ಮಾತು ನಿಲ್ಲಿಸಿದರು. ಕನ್ನಡಕ ತೆಗೆದರು. "ಬಸವಪ್ರಭು, ಜರಾ ಆವಾಜ್ ಕಮೀ ಕರಾ" ಎಂದರು. ಧ್ವನಿ ಕಡಿಮೆ ಮಾಡಲು ರಿಮೋಟ್ ಕೈಯಲ್ಲೇ ಇತ್ತಲ್ಲ! ಹದಿಮೂರು ಜನ ನಕ್ಕರು. ಸಾಹೇಬರು ನಗಲಿಲ್ಲ. ಮಧ್ಯಾಹ್ನ ಮೆಮೊ ಬಂತು. ಆ ವರ್ಷದ ಮೂರನೆಯದು.

ಅತ್ತ ಯೆರವಡಾದ ಮನೆಯಲ್ಲಿ ಅವನ ತಾಯಿ ಶಿವಬಸವ್ವ ರಿಮೋಟ್ ಇಲ್ಲದೆ, ಬಟನ್ ಮುರಿದ ಟಿವಿಯ ಮುಂದೆ, ಪೂರ್ತಿ ಧ್ವನಿಯಲ್ಲಿ ಆರು ತಾಸು ಬೇಸಾಯದ ಕಾರ್ಯಕ್ರಮ ನೋಡಿದ್ದಳು. ಮಗ ಬಾಗಿಲಲ್ಲಿ ಕಂಡ ಕೂಡಲೇ, "ಬಾರಪಾ ಪ್ರಭು. ದ್ರಾಕ್ಷಿಗೆ ಯಾವ ರೋಗಕ್ಕ ಯಾವ ಔಷಧ, ಎಲ್ಲಾ ಬಾಯಿಪಾಠ ಆತು. ನಿನಗ ಯಾವುದು ಹೊಡೀಬೇಕು ಅನ್ನೂದೊಂದ ಹೇಳಲಿಲ್ಲ ನೋಡು" ಎಂದಳು.

ಅವನಿಗೆ ಏನು ಹೊಡೆಯಬೇಕೆಂದು ಹೇಳಿದವರು ಒಬ್ಬರಿದ್ದರು. ಊರಿನ ಕ್ಯಾಂಪ್ ಬಡಾವಣೆಯಲ್ಲಿ ದವಾಖಾನೆ ಇಟ್ಟಿದ್ದ, ಧಾರವಾಡ ಕಡೆಯ ಡಾಕ್ಟರ್ ಸ್ವರ್ಣಲತಾ. ಹದಿನೈದು ದಿನದ ಹಿಂದೆ ಅವರು ಒಂದು ತಾಸು ಪ್ರಶ್ನೆ ಕೇಳಿ, "ಬಸವಪ್ರಭು ಅವರ, ನೀವು ದಡ್ಡರಲ್ಲ, ಮೈಗಳ್ಳರೂ ಅಲ್ಲ. ಗಮನ ಒಂದ ಕಡೆ ನಿಲ್ಲೂದಿಲ್ಲಲ್ಲ, ಇದಕ್ಕ ಎಡಿಎಚ್‌ಡಿ ಅಂತಾರ. ಸಣ್ಣ ಹುಡುಗರಿಗಷ್ಟ ಅಲ್ರಿ, ದೊಡ್ಡವರಿಗೂ ಇರ್ತದ" ಎಂದಿದ್ದರು. ನಲವತ್ತಾರು ವರ್ಷ ಬೈಗುಳಗಳನ್ನೇ ಹೆಸರಾಗಿ ಹೊತ್ತವನಿಗೆ ಕೊನೆಗೂ ಒಂದು ಮರ್ಯಾದೆಯ ಹೆಸರು ಸಿಕ್ಕಿತ್ತು. ಓಡೋಡಿ ಬಂದು ತಾಯಿಗೆ ಹೇಳಿದ.

"ಏನಂದ್ಳು ಡಾಕ್ಟರ?"

"ಎಡಿ ಹೆಚ್ ಡಿ ಅಂದ್ರು, ಯವ್ವಾ."

ಶಿವಬಸವ್ವನ ಕಣ್ಣು ಅರಳಿದವು. "ಎಡಿ ಹಿಡಿ ಅಂದ್ಳ? ಶಾಣ್ಯಾಕಿ! ನಾ ಇಪ್ಪತ್ತ ವರ್ಸಾತು ಅದನ್ನ ಬಡಕೊಳ್ಳಾಕತ್ತೀನಿ, ದೇವರಿಗೆ ಎಡಿ ಹಿಡಿ, ಎಡಿ ಹಿಡಿ ಅಂತ!" ಎಂದವಳೇ ಕಡಲೆಬೇಳೆ ನೆನೆಹಾಕಿದಳು. ಅಂದಿನಿಂದ ಪ್ರತಿ ಸೋಮವಾರ ದೇವರಿಗೆ ಹೋಳಿಗೆಯ ನೈವೇದ್ಯ. ರೋಗ ಹಾಗೇ ಇತ್ತು; ರೋಗಿ ಎರಡು ಕಿಲೋ ದಪ್ಪಗಾದ.

ಡಾಕ್ಟರು ಹೇಳಿದ್ದ ಉಪಾಯಗಳು ಸರಳವಾಗಿದ್ದವು. ಕೀಲಿಕೈಗೆ ಒಂದೇ ಗೂಟ. ಒಮ್ಮೆಗೆ ಒಂದೇ ಕೆಲಸ. ಮೊಬೈಲಿನಲ್ಲಿ ಅಲಾರಾಂ. ಎಲ್ಲಕ್ಕಿಂತ ಮುಖ್ಯ, ನೆನಪನ್ನು ನಂಬದೆ ಒಂದು ಸಣ್ಣ ಪುಸ್ತಕವನ್ನು ಕಿಸೆಯಲ್ಲಿಟ್ಟು ಎಲ್ಲವನ್ನೂ ಬರೆದುಕೊಳ್ಳುವುದು. ಬಸವಪ್ರಭು ಆ ಪುಸ್ತಕವನ್ನು ಹದಿನೈದು ದಿನದಲ್ಲಿ ಮೂರು ಸಲ ಕೊಂಡಿದ್ದ. ಯಾಕೆಂದರೆ ಎರಡು ಸಲ ಕಳೆದಿದ್ದ.

ಆದರೆ ಆ ಸೋಮವಾರ ಸಂಜೆ, ಮೂರನೆಯ ಮೆಮೊ ಕೈಯಲ್ಲಿ ಹಿಡಿದು ಅವನು ಘೋಷಿಸಿಬಿಟ್ಟ: "ಇವತ್ತಿಗೆ ಹಳೇ ಬಸವಪ್ರಭು ಮುಗದಾ! ಇನ್ನ ಮ್ಯಾಲೆ ಕಾಲ ನನ್ನ ಕಾಯಬೇಕು, ನಾ ಕಾಲಾನ ಕಾಯೂದಿಲ್ಲ!"

"ಈ ಹೊತ್ತಿನ ಮಟಾ ನೀ ಕಾದದ್ದರ ಯಾವಾಗ?" ಎಂದಳು ತಾಯಿ.

ಪ್ರತಿಜ್ಞೆಯನ್ನು ಪರೀಕ್ಷೆಗೆ ಒಡ್ಡಲು ಮನೆಯಲ್ಲೇ ಒಂದು ಕೆಲಸವಿತ್ತು. ನಗುವ ಕೆಲಸವಾಗಿರಲಿಲ್ಲ ಅದು. ಅವನ ಹೆಂಡತಿ ನೀತಾಳ ಕೊರಳ ಬದಿಗೆ ಒಂದು ಗಂಟು ಕಾಣಿಸಿಕೊಂಡಿತ್ತು. ಅದರಿಂದ ಸೂಜಿಯಲ್ಲಿ ಚೂರು ತೆಗೆದು ಕ್ಯಾಂಪಿನ ಲ್ಯಾಬಿಗೆ ಕೊಟ್ಟಾಗಿತ್ತು. ಶನಿವಾರ ಹನ್ನೆರಡಕ್ಕೆ ರಿಪೋರ್ಟ್ ಹಿಡಿದು ಸರ್ಜನ್ನರ ಮುಂದೆ ಕೂರಬೇಕು. ಅಂದು ತಪ್ಪಿದರೆ ಅವರು ಒಂದು ತಿಂಗಳು ಪರದೇಶ. ಗಂಡನ ತೊಂದರೆ ಗಂಟೆಯದು, ಹೆಂಡತಿಯದು ಗಂಟಿನದು.

"ರಿಪೋರ್ಟ್ ನಾನ ತರ್ತೀನಿ ಬಿಡ್ರಿ, ಸಾಲಿ ಬಿಟ್ಟ ಮ್ಯಾಲೆ" ಎಂದು ಶಾಲೆಯ ಟೀಚರಾದ ನೀತಾ ಚೂರು ಕೊಟ್ಟ ದಿನವೇ ಹೇಳಿದ್ದಳು.

"ಬ್ಯಾಡ! ಇದು ನನ್ನ ಪರೀಕ್ಷಾ."

"ಪರೀಕ್ಷಾ ನಿಮ್ದಲ್ರೀ. ನಂದು."

ಸೋಮವಾರ ಸಂಜೆ ನೀತಾ ಇನ್ನೂ ಮನೆಗೆ ಬಂದಿರಲಿಲ್ಲ. ಲ್ಯಾಬಿನಿಂದ ಫೋನು ಬಂತು. ಈ ಸಲ ಅವನು ಹಿಡಿದದ್ದು ಫೋನನ್ನೇ. ಹುಡುಗಿಯ ಧ್ವನಿ ಮರಾಠಿಯಲ್ಲಿ, "ರಿಪೋರ್ಟ್ ಪರವಾ ಮಿಳೇಲ್" ಎಂದಿತು. ಸಿಗುವುದು ಪರವಾ, ಅಂದರೆ ನಾಡಿದ್ದು. ಬುಧವಾರ. ಬಸವಪ್ರಭು ಕೂಡಲೇ ಪುಸ್ತಕ ತೆಗೆದು, ಮುತ್ತಿನಂಥ ಅಕ್ಷರದಲ್ಲಿ ಬರೆದ:

"ರಿಪೋರ್ಟ್ — ಪರವಾ."

ಕೆಳಗೆ ಇನ್ನೊಂದು ಸಾಲು: "ನೀತಾಗ ಈಗ ಹೇಳೂದು ಬ್ಯಾಡ." ತಾನೇ ತಂದು, ಕೈಯಲ್ಲಿಟ್ಟು, ಅವಳನ್ನು ಬೆರಗುಗೊಳಿಸುವ ಆಸೆ. ತಾರೀಖು ಮಾತ್ರ ಬರೆಯಲಿಲ್ಲ. ಅಷ್ಟು ದೊಡ್ಡ ಪ್ರತಿಜ್ಞೆ ಮಾಡಿದವನಿಗೆ ಅಂಥ ಚಿಲ್ಲರೆ ಸಂಗತಿ ಯಾಕೆ!

ಮಂಗಳವಾರ ಅಲಾರಾಂ ಕೂಗಿತು. ಪುಸ್ತಕ ತೆರೆದ. ಪರವಾ! ಅಂದರೆ ಗುರುವಾರ. ಬುಧವಾರ ಮತ್ತೆ ತೆರೆದ. ಪರವಾ! ಅಂದರೆ ಶುಕ್ರವಾರ. ಯಾವತ್ತು ತೆರೆದರೂ ಎರಡು ದಿನ ಮುಂದೆಯೇ ನಿಂತು ಕೈಬೀಸುವ ಇಂಥ ತಾರೀಖು ಯಾವ ಪಂಚಾಂಗದಲ್ಲೂ ಇರಲಾರದು.

ಆ ಬುಧವಾರ ಸಂಜೆ ನೀತಾ ತಡೆಯಲಾರದೆ ಕೇಳಿದಳು. "ರಿಪೋರ್ಟಿಂದು ಏನಾತ್ರಿ? ಯಾವಾಗ?"

ಅವನು ಸ್ಕೂಟರಿನ ಕೀಲಿಕೈ ಹುಡುಕುವ ಗದ್ದಲದಲ್ಲಿದ್ದ. ತಲೆ ಎತ್ತದೆ ಒಂದೇ ಮಾತು ಹೇಳಿದ. "ಪರವಾ."

"ಪರವಾನ?"

"ಹೂಂ. ನೀ ಚಿಂತಿ ಮಾಡಬ್ಯಾಡ. ಎಲ್ಲಾ ನಾ ನೋಡ್ಕೋತೀನಿ."

ಇಲ್ಲಿ ಓದುಗರಿಗೆ ಮರಾಠಿಯ ಒಂದು ಗುಟ್ಟು ಹೇಳಲೇಬೇಕು. ಪರವಾ ಎಂದರೆ ನಾಡಿದ್ದು ಹೌದು, ಮೊನ್ನೆಯೂ ಹೌದು! ಪುಣೆಯಲ್ಲಿ ಇಪ್ಪತ್ತು ವರ್ಷ ಕಳೆದ ಕನ್ನಡದ ಮನೆಗಳಲ್ಲಿ ಮೊನ್ನೆ, ನಾಡಿದ್ದು ಎರಡೂ ಸತ್ತು ಪರವಾ ಒಂದೇ ಉಳಿದಿರುತ್ತದೆ. ಯಾವ ಪರವಾ ಎಂಬುದನ್ನು ಕ್ರಿಯಾಪದ ನೋಡಿ ತಿಳಿಯಬೇಕು. ಬಸವಪ್ರಭುವಿನ ಮಾತಿನಲ್ಲಿ ಕ್ರಿಯಾಪದ ಇರಲಿಲ್ಲ. ಅವನ ಬಾಳಿನಲ್ಲೂ ಕೊರತೆ ಅದೊಂದರದೇ. ಟೆನ್ಸ್ ತಿಳಿಯದ ಮನೆಯಲ್ಲಿ ಟೆನ್ಶನ್ ಹುಟ್ಟಿತು.

ನೀತಾಳಿಗೆ ಕೇಳಿಸಿದ್ದು ಮೊನ್ನೆ. ಮೊನ್ನೆ ಎಂದರೆ ಸೋಮವಾರ; ರಿಪೋರ್ಟ್ ಆಗಲೇ ಬಂದಾಗಿದೆ. ಸೋಮವಾರ ಗಂಡ ಮುಖ ಸಣ್ಣದು ಮಾಡಿಕೊಂಡು ಮನೆಯಲ್ಲಿ ಕೂತದ್ದನ್ನು ಅವಳು ನೋಡಿದ್ದಳು. ಮೆಮೊದ ಸುದ್ದಿ ಅವಳಿಗೆ ಗೊತ್ತಿರಲಿಲ್ಲ. ಅವನು ಸ್ನಾನಕ್ಕೆ ಹೋದಾಗ ಅಂಗಿಯ ಕಿಸೆಯಿಂದ ಪುಸ್ತಕ ತೆಗೆದಳು. "ರಿಪೋರ್ಟ್ — ಪರವಾ. ನೀತಾಗ ಈಗ ಹೇಳೂದು ಬ್ಯಾಡ."

ಪುಸ್ತಕವನ್ನು ಇದ್ದಲ್ಲೇ ಇಟ್ಟಳು. ಕೊರಳಿಗೆ ಕೈ ಹೋಯಿತು. ಅಡುಗೆಮನೆಗೆ ಬಂದು, ಉಕ್ಕುತ್ತಿದ್ದ ಹಾಲನ್ನು ನೋಡುತ್ತ ನಿಂತಳು. ಆ ಮನೆಯಲ್ಲಿ ಅವಳ ಕೈಯಿಂದ ಹಾಲು ಉಕ್ಕಿ ಚೆಲ್ಲಿದ್ದು ಅದೇ ಮೊದಲು.

ಗುರುವಾರ ಶಾಲೆಗೆ ರಜೆ ಹಾಕಿದಳು. ಬಿಳಿ ಹಾಳೆ, ಕತ್ತರಿ, ಅಂಟು ತಂದಳು. ಸಂಜೆ ಬಸವಪ್ರಭು ಮನೆಗೆ ಬಂದರೆ ಮನೆ ಪಾಠಶಾಲೆಯಾಗಿತ್ತು! ಡಬ್ಬಿ ಡಬ್ಬಿಗೂ ದುಂಡಗಿನ ಅಕ್ಷರದ ಚೀಟಿ. ಬಾಗಿಲ ಒಳಬದಿಗೆ: "ಗ್ಯಾಸ್ ಬಂದ್? ನಳ ಬಂದ್? ಕೀಲಿಕೈ? ಊಟದ ಡಬ್ಬಿ?" ಕಪಾಟಿಗೆ: "ಅತ್ತಿ ಗುಳಿಗಿ: ಮುಂಜಾನೆ ಬಿಳಿ, ಸಂಜಿಗೆ ಕೆಂಪು. ಕೊಟ್ಟ ಮ್ಯಾಲೆ ಗೀಟು ಎಳೀರಿ." ಇಸ್ತ್ರಿಯ ಪ್ಲಗ್ಗಿಗೆ ಕೆಂಪು ದಾರ. ಗೋಡೆಗೆ ಹಿತ್ತಾಳೆಯ ಗೂಟ.

ಬಸವಪ್ರಭುವಿನ ಎದೆ ತುಂಬಿ ಬಂತು. ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿ ಹೆಂಡತಿ ತನ್ನ ತೊಂದರೆಯನ್ನು ಅರ್ಥ ಮಾಡಿಕೊಂಡಿದ್ದಾಳೆ! "ನೀತಾ! ಡಾಕ್ಟರಕಿಂತಾ ಛಲೋ ಮಾಡೀದಿ!"

"ಇಲ್ಲಿ ಬರ್ರಿ" ಎಂದು ಅವನನ್ನು ಒಲೆಯ ಮುಂದೆ ನಿಲ್ಲಿಸಿದಳು. "ಅನ್ನಕ್ಕ ಇಟ್ಟ ಮ್ಯಾಲೆ ಅಡಿಗಿಮನಿ ಬಿಟ್ಟು ಹೊರಗ ಹೋಗಬಾರದು. ಸೀಟಿ ಎಷ್ಟು?"

"ಮೂರು."

"ಆಮ್ಯಾಲೆ?"

"ಬಂದ್."

"ಇನ್ನೊಮ್ಮೆ ಹೇಳ್ರಿ."

ಹೇಳಿದ. ಆರು ಸಲ ಹೇಳಿಸಿದಳು. ಅವಳ ಶಾಲೆಯ ಮಕ್ಕಳಿಗೂ ಅಷ್ಟು ತಾಳ್ಮೆ ಸಿಕ್ಕಿರಲಿಕ್ಕಿಲ್ಲ. ಆಮೇಲೆ ಬೇರೆ ಕಡೆ ನೋಡುತ್ತ ಕೇಳಿದಳು. "ನಾ ಒಂದ ವ್ಯಾಳ್ಯಾ ಹೋದ್ರ, ನಿಮಗ ಹೆಂಗ್ರೀ?"

ತವರಿಗೆ ಹೋಗುವ ಮಾತು ಎಂದುಕೊಂಡ ಅವನು. "ಹೋಗ, ಹೋಗ! ಆರಾಮಾಗಿ ಹೋಗ. ಈಗ ನನಗೇನ ತ್ರಾಸ ಇಲ್ಲ, ಎಲ್ಲಾ ಚೀಟಿ ಅದಾವಲ್ಲ!"

"ಅತ್ತೀನ ನೋಡ್ಕೋತೀರಿ?"

"ನೋಡ್ಕೋತೀನಿ. ನೀ ಏನ ಲಗೂ ಬರಬೇಕಂತಿಲ್ಲ ಮತ್ತ!"

ನೀತಾ ತಲೆಯಾಡಿಸಿದಳು. ಶುಕ್ರವಾರ ತನ್ನ ಒಳ್ಳೆಯ ಇಳಕಲ್ ಸೀರೆಯನ್ನು ಅತ್ತೆಯ ಮಡಿಲಿಗಿಟ್ಟಳು. ಶಿವಬಸವ್ವ ಅಂಚನ್ನು ಸವರಿ ನೋಡಿ, "ಯಾ ಹಬ್ಬಾ ಇವತ್ತ?" ಎಂದಳು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಬಸವಪ್ರಭು ಖಾತ್ರಿಗೆಂದು ಪುಸ್ತಕ ತೆರೆದ. ಪರವಾ! ಇವತ್ತು ಶನಿವಾರ, ಅಂದರೆ... ಸೋಮವಾರ! ಸರ್ಜನ್ನರು ಇರುವುದು ಇವತ್ತೊಂದೇ ದಿನ!

ಆಗಲೇ ನೀತಾ ಸೀರೆ ಉಟ್ಟು, ತಲೆ ಬಾಚಿ, ಬಂದು ಎದುರು ನಿಂತಳು. "ಮುಚ್ಚಿ ಇಡೂದು ಸಾಕ್ರಿ. ನನಗ ಗೊತ್ತಾಗೇದ. ಎಷ್ಟ ದಿನ ಅದ, ಖರೇ ಹೇಳ್ರಿ."

ಸಿಕ್ಕಿಬಿದ್ದೆ ಎಂದು ತಿಳಿದ ಅವನು ತಲೆ ತಗ್ಗಿಸಿದ. "ಎರಡು."

"ಎರಡು ತಿಂಗಳೇನು?"

"ಎರಡು ದಿನ."

ನೀತಾ ಅಲ್ಲೇ ನೆಲದ ಮೇಲೆ ಕೂತು ಅಳತೊಡಗಿದಳು. ಒಳಗಿಂದ ಕೇಳಿಸಿಕೊಂಡ ಶಿವಬಸವ್ವ "ಯವ್ವಾ, ನನ್ನ ಕೂಸ!" ಎಂದು ಬಾಯಿ ಬಡಿದುಕೊಳ್ಳುತ್ತ ಬಂದಳು. "ಸೋಮವಾರ ಅಂದ್ರ..." ನೀತಾ ಗಾಳಿಯೊಡನೆ ಮಾತಾಡುವಂತೆ ಅಂದಳು, "ಸೋಮವಾರ ಸಾಲ್ಯಾಗ ಇನ್ಸ್‌ಪೆಕ್ಷನ್ ಅದ..."

"ಅಳಬ್ಯಾಡ, ನೀತಾ!" ಬಸವಪ್ರಭು ಕಂಗಾಲಾದ. "ನಾ ಈಗ ಹೋಗಿ ಕೈಕಾಲು ಹಿಡೀತೀನಿ. ಸೋಮವಾರದ ಬದ್ಲಿ ಇವತ್ತ ಮುಗಿಸಿಬಿಡ್ರಿ ಅಂತೀನಿ!"

"ಏನ ಮುಗಸೂದ್ರಿ?!"

"ರಿಪೋರ್ಟಿಂದು!"

ನೀತಾ ಕಣ್ಣೊರೆಸಿಕೊಂಡಳು. ನಿಧಾನವಾಗಿ, ಗಣಿತ ತಪ್ಪಿದ ಹುಡುಗನನ್ನು ಕೇಳುವ ಹಾಗೆ ಕೇಳಿದಳು. "ರಿಪೋರ್ಟ್... ನಿಮ್ಮ ಹತ್ರ ಇಲ್ಲೇನು?"

"ಇನ್ನೂ ತಂದ ಇಲ್ಲಲ್ಲ! ಪರವಾ ಅಂತ ಹೇಳೀನಲ್ಲ!"

ಶಿವಬಸವ್ವ ಬಾಯಿ ಬಡಿದುಕೊಳ್ಳಲು ಎತ್ತಿದ ಕೈಯನ್ನು ಅಲ್ಲೇ ನಿಲ್ಲಿಸಿದಳು.

ಇಬ್ಬರೂ ಸ್ಕೂಟರಿನ ಮೇಲೆ ಕ್ಯಾಂಪಿಗೆ ಓಡಿದರು. ಲ್ಯಾಬಿನ ಹುಡುಗಿ ಲಕೋಟೆಯ ಮೇಲಿನ ಧೂಳು ಊದಿ, "ಬುಧವಾರ್‌ಪಾಸೂನ್ ಪಡ್ಲಾಯ್" ಎಂದಳು. ಬುಧವಾರದಿಂದ ಬಿದ್ದಿತ್ತು ಅದು. ನೀತಾ ಲಕೋಟೆ ತೆರೆಯಲಿಲ್ಲ. ಹಾಗೇ ಒಯ್ದು ಸರ್ಜನ್ನರ ಮೇಜಿನ ಮೇಲಿಟ್ಟಳು. ಸರ್ಜನ್ನರು ತೆರೆದರು, ಓದಿದರು, ಇನ್ನೊಮ್ಮೆ ಓದಿದರು. ಸಾದಾ ಗಂಟು. ಕೆಟ್ಟದ್ದಲ್ಲ. ಆರು ತಿಂಗಳಿಗೊಮ್ಮೆ ತೋರಿಸಿದರೆ ಸಾಕು.

ಹೊರಗೆ ಬಂದು ನೀತಾ ದವಾಖಾನೆಯ ಮೆಟ್ಟಿಲ ಮೇಲೆ ಕೂತಳು. ಬಸವಪ್ರಭು ಎರಡು ಮೆಟ್ಟಿಲು ಕೆಳಗೆ ಕೂತ. ಬೈಗುಳ ಬೀಳಲು ಅನುಕೂಲವಾಗಲಿ ಎಂದು.

"ಮೂರು ದಿನ" ಎಂದಳು ನೀತಾ. "ಮೂರು ದಿನ ಸಾಯ್ತೀನಂತ ತಿಳಕೊಂಡು ಮನಿ ತುಂಬ ಚೀಟಿ ಹಚ್ಚೀನಿ. ಇದ್ದೊಂದ ಛಲೋ ಸೀರಿ ಕೊಟ್ಟೀನಿ. ನಿಮ್ಮ ಕಣ್ಣ ಮುಂದ ಓಡ್ಯಾಡೀನಿ. ಇಕಿಗೇನೋ ಆಗೇದ, ಇಕಿ ತಲಿ ನೆಟ್ಟಗಿಲ್ಲ ಅಂತ ನಿಮಗ ಒಮ್ಮೆರ ಅನುಮಾನ ಬರಲಿಲ್ಲೇನ್ರಿ?"

ಬಸವಪ್ರಭು ಯೋಚಿಸಿದ. ಒಮ್ಮೆಗೆ ಒಂದೇ ಕೆಲಸ ಎಂಬಂತೆ ಪೂರ್ತಿ ಮನಸ್ಸಿಟ್ಟು ಯೋಚಿಸಿದ.

"ಬಂದಿತ್ತು" ಎಂದ. "ಸಕ್ರಿ ಅಂತ ಚೀಟಿ ಹಚ್ಚಿದ ಡಬ್ಬ್ಯಾಗ ಉಪ್ಪು ಇತ್ತು. ಎರಡ ದಿನದಿಂದ ನಾ ಮುಂಜಾನೆ ಉಪ್ಪಿನ ಚಾ ಮಾಡ್ಕೊಂಡು ಕುಡ್ಯಾಕತ್ತೀನಿ. ನಂದ ಏನರ ತಪ್ಪಾಗಿರಬೇಕಂತ ಸುಮ್ಮನಿದ್ದೆ."