ಬರ್ಮಾದವನಿಗೆ ಒಂದು ಒಳ್ಳೆಯ ಮಾತು

ಬೈಯುವುದು ಎಂಥವರಿಗೂ ಬರುತ್ತದೆ, ಅದಕ್ಕೆ ಸ್ಕೂಲಿಗೆ ಹೋಗಬೇಕಿಲ್ಲ. ಹೊಗಳುವುದು ಮಾತ್ರ ನಮ್ಮ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಬರುತ್ತಿರಲಿಲ್ಲ ಎನ್ನುವುದಕ್ಕಿಂತ ಬರಕೂಡದು ಎಂದು ಕಟ್ಟು ಮಾಡಿದ್ದರು. ನಾವು ಕೊಳ್ಳೇಗಾಲದಲ್ಲಿ ರೇಷ್ಮೆ ನೇಯುವ ಜನ. ಮಗ್ಗದ ಮೇಲಿರುವ ಸೀರೆಯನ್ನು ಚೆನ್ನಾಗಿದೆ ಎಂದರೆ ಸೀರೆಗೆ ಕಣ್ಣು ತಾಕುತ್ತದೆ, ನೇಯುವವನಿಗೆ ತಲೆ ತಿರುಗುತ್ತದೆ, ಎರಡರಿಂದಲೂ ಎಳೆ ಹರಿಯುತ್ತದೆ ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ಬಾಯಿ ತಪ್ಪಿ ಯಾರಾದರೂ ಹೊಗಳಿಬಿಟ್ಟರೆ ಆ ಸೀರೆಯ ನೂಲೊಂದನ್ನು ಚಿವುಟಿ ಒಲೆಗೆ ಹಾಕಬೇಕು. ಅತ್ತೆ ಅಂಗೈಯನ್ನು ಬಟ್ಟೆಯ ಮೇಲೆ ಆಡಿಸಿ, ಅಂಚು ಸೊಟ್ಟ ಅನ್ನುವರು, ಬಿಗಿ ಸಾಲದು ಅನ್ನುವರು. ಬಹಳ ಮೆಚ್ಚಿದರೆ "ಪರವಾಗಿಲ್ಲ" ಅನ್ನುವರು. ಆ "ಪರವಾಗಿಲ್ಲ" ಕಿವಿಗೆ ಬಿದ್ದ ನೇಕಾರ ಅವತ್ತು ಮನೆಗೆ ಹೋಗಿ ಒಂದು ಮುದ್ದೆ ಹೆಚ್ಚಿಗೆ ಉಣ್ಣುತ್ತಿದ್ದ. ನನ್ನ ಮಗ ಹುಟ್ಟಿದಾಗ ಅತ್ತೆ ಬಗ್ಗಿ ನೋಡಿ "ಮೂಗು ಮೊಂಡು" ಎಂದು ಹೇಳಿ ಒಳಗೆ ಹೋದರು. ಅಷ್ಟೇ ತಾನೆ ಕುಂದು ಎಂದು ನಮ್ಮವ್ವ ಸಂತೋಷದಿಂದ ಕಣ್ಣು ಒರೆಸಿಕೊಂಡಳು. ನಮ್ಮ ಮನೆಯಲ್ಲಿ ಒಳ್ಳೆಯ ಮಾತು ಕೇಳಬೇಕಾದರೆ ಚಟ್ಟ ಏರಬೇಕಿತ್ತು. ಹೊರಟವರನ್ನು ಮಾತ್ರ ಹೊಗಳುವುದು, ಇರುವವರನ್ನು ಬೈಯುವುದು.

ಅತ್ತೆ ಹೋದರು, ಯಜಮಾನರೂ ಹೋದರು. ಮಗ್ಗಗಳು ನನ್ನ ಕೈಗೆ ಬಂದವು, ಅತ್ತೆಯ ನಾಲಿಗೆಯೂ ಬಂತು. ಮಗ್ಗದಿಂದ ಲಾಭ ಬಂದ ವರ್ಷವೂ ಉಂಟು, ಬಾರದ ವರ್ಷವೂ ಉಂಟು. ನಾಲಿಗೆ ಮಾತ್ರ ಯಾವತ್ತೂ ಸುಮ್ಮನೆ ಕೂತಿರಲಿಲ್ಲ. ಅದನ್ನು ಇಟ್ಟುಕೊಂಡು ನಾನು ಸರ್ಕಾರದ ಮುಂದೆ ಕೂರಬೇಕಾಗುತ್ತದೆ ಎಂದು ಯಾರು ಅಂದುಕೊಂಡಿದ್ದರು?

ಬರ್ಮಾದಿಂದ ನಮ್ಮವರು ಗುಂಪುಗುಂಪಾಗಿ ಹಡಗು ಹತ್ತಿ ವಾಪಸ್ಸು ಬಂದ ಕಾಲ ಅದು. ಥೀನ್ ಎಂಬ ಹುಡುಗ ತಾಯಿಯ ಜೊತೆ ಬಂದಿದ್ದ. ಹುಡುಗ ಎಂದೆ, ಮೂವತ್ತು ದಾಟಿತ್ತು. ತಾಯಿ ಮೇಟೂರಿನ ಕಡೆಯ ತಮಿಳಿನವಳು, ತಂದೆ ಬರ್ಮಾದವನು. ತಂದೆಯ ಕಡೆಯಿಂದ ರೇಷ್ಮೆ ನೇಯುವ ಕಸುಬು ಬಂದಿತ್ತು. ತಾಯಿಯನ್ನು ಅವಳ ಅಣ್ಣನ ಮನೆಯಲ್ಲಿ ಬಿಟ್ಟು, ಪಾಲಾರ್ ದಾಟಿ, ರಾಮಾಪುರ, ಹನೂರು ಎಂದು ಬಸ್ಸು ನಿಂತಲ್ಲೆಲ್ಲ ಇಳಿದು ರೇಷ್ಮೆ ಮಗ್ಗ ಎಲ್ಲಿದೆ ಎಂದು ಕೇಳಿಕೊಂಡು ನಮ್ಮ ಬೀದಿಗೆ ಬಂದ. ನಮ್ಮಲ್ಲಿ ಅರ್ಧ ಜನಕ್ಕೆ ತಮಿಳು ಬರುವುದರಿಂದ ಮಾತಿಗೆ ತೊಂದರೆ ಆಗಲಿಲ್ಲ. ಅವನ ಹೆಸರು ಮಾತ್ರ ಬೀದಿಯವರ ಬಾಯಿಗೆ ಹಿಡಿಸಲಿಲ್ಲ, ಎಲ್ಲರೂ "ಬರ್ಮಾದೋನು" ಎಂದರು.

ಅವನು ನೇಯುವುದು ಅಲೆ ಅಲೆಯಾದ ಅಂಚು. ನಾವು ಒಂದು ಲಾಳಿಯನ್ನು ಈ ಕಡೆಯಿಂದ ಆ ಕಡೆಗೆ ಓಡಿಸುವವರು. ಅವನು ಕಿರುಬೆರಳಿನಷ್ಟು ಲಾಳಿಗಳನ್ನು, ಒಂದೊಂದಕ್ಕೆ ಒಂದೊಂದು ಬಣ್ಣ, ಮಗ್ಗಕ್ಕೆ ಬಿಗಿದ ಹಾಸುನೂಲಿನ ಅಗಲಕ್ಕೂ ಸಾಲಾಗಿ ಇಟ್ಟುಕೊಂಡು ಒಂದರ ನೂಲಿಗೆ ಇನ್ನೊಂದರ ನೂಲು ಕೊಕ್ಕೆ ಹಾಕಿಸುತ್ತ ಹೋಗುವನು. ಸಂಜೆಗೆ ನೋಡಿದರೆ ಒಂದು ಗೇಣು ಆಗಿರುತ್ತಿತ್ತು, ಆದರೆ ಆ ಗೇಣಿನಲ್ಲಿ ಹೊಳೆ ಹರಿಯುತ್ತಿತ್ತು. ಯಳಂದೂರಿನ ಒಬ್ಬ ಜಮೀನ್ದಾರರ ಹೆಂಡತಿ ಅದರ ತುಂಡೊಂದನ್ನು ನೋಡಿ, ಮಗಳ ಧಾರೆಗೆ ಇಂಥದ್ದೇ ಸೀರೆ ಆಗಬೇಕು ಎಂದು ಹೇಳಿ ಹೋದರು. ನಾನು ಆ ತುಂಡನ್ನು ತಿರುಗಿಸಿ ನೋಡಿ "ಸೊಟ್ಟ" ಎಂದೆ. ಥೀನ್ ತಲೆ ಬಗ್ಗಿಸಿ ನಕ್ಕ. ಬಂದ ಸ್ವಲ್ಪ ದಿನಕ್ಕೇ ನಮ್ಮ ಮನೆಯ ಭಾಷೆ ಕಲಿತುಬಿಟ್ಟಿದ್ದ.

ತೊಂದರೆ ಇದ್ದದ್ದು ಅವನ ಪಾಸ್‌ಪೋರ್ಟಿನಲ್ಲಿ. ತಾಯಿಯನ್ನು ಈ ದೇಶದವಳು ಎಂದು ಒಪ್ಪಿಕೊಂಡಿದ್ದರಂತೆ, ಮಗನನ್ನು ಆ ದೇಶದವನು ಎಂದು ಬರೆದಿದ್ದರಂತೆ. ಇಂತಿಷ್ಟು ದಿನ ಎಂದು ನೆಂಟನ ಹಾಗೆ ಇರಬಹುದು, ಕೆಲಸ ಮಾಡುವ ಹಾಗಿಲ್ಲ. ಮಾಡಬೇಕೆಂದರೆ ವೀಸಾ ಬೇರೆ ಬೇಕು. ಇದೇನು ಕಥೆಯೋ ನನಗೆ ಅರ್ಥವಾಗಲಿಲ್ಲ. ನಾನು ಮದುವೆಯಾಗಿ ಬಂದಾಗ ಕೊಳ್ಳೇಗಾಲ ಮದ್ರಾಸಿಗೆ ಸೇರಿತ್ತು, ಕೊಯಮತ್ತೂರು ಜಿಲ್ಲೆ. ಆಮೇಲೆ ರಾಜ್ಯಗಳನ್ನು ಹರಿದು ಹೊಲಿದರು. ನಾನು ಒಲೆಯ ಮುಂದೆ ಕೂತಿದ್ದ ಹಾಗೇ ಮೈಸೂರಿನವಳಾದೆ. ಯಾರೂ ಪಾಸ್‌ಪೋರ್ಟು ಕೇಳಲಿಲ್ಲ, ನಾನು ಸಾರನ್ನೂ ಕೆಳಗಿಳಿಸಲಿಲ್ಲ.

ನನ್ನ ಮೈದುನ ರಾಚಪ್ಪ ಇಂಗ್ಲಿಷು ಓದಬಲ್ಲವನು. ಅವನು ವಿಚಾರಿಸಿಕೊಂಡು ಬಂದ. ಕೆಲಸ ಕೊಡುವವರು ಸರ್ಕಾರಕ್ಕೆ ಅರ್ಜಿ ಹಾಕಬೇಕು, ಅವನ ಊಟ, ವಸತಿ, ನಡತೆ ಎಲ್ಲಕ್ಕೂ ತಾವೇ ಜವಾಬ್ದಾರಿ ಎನ್ನಬೇಕು.

"ಹೆಣ್ಣು ಕೊಡೋರೂ ಇಷ್ಟು ಕೇಳಾಕಿಲ್ಲ ಕಣತ್ಗೆ" ಎಂದ ರಾಚಪ್ಪ. ಬರೆಯುತ್ತ ಬರೆಯುತ್ತ ಒಂದು ಕಡೆ ಪೆನ್ನು ಕೆಳಗಿಟ್ಟ.

"ಏನಾಯ್ತಲಾ?"

"ಈ ಕೆಲ್ಸ ಮಾಡೋರು ಇಲ್ಲಿ ಯಾರೂ ಇಲ್ಲ ಅಂತ ಬರೀಬೇಕಂತೆ. ಯಾಕೆ, ನಾನು ಸತ್ತೋಗಿವ್ನಾ?"

"ಇನ್ನೂ ಇಲ್ಲ. ಬರಿ."

ಬರೆದ. ಆದರೆ ಆ ಅಕ್ಷರಗಳನ್ನು ಮಾತ್ರ ಇರುವೆಯಷ್ಟು ಸಣ್ಣಗೆ ಬರೆದ. ನಮ್ಮ ಬೀದಿಯಲ್ಲಿ ರಾಚಪ್ಪನಷ್ಟು ಒಳ್ಳೆಯ ನೇಕಾರ ಇರಲಿಲ್ಲ. ಅದನ್ನು ಅವನಿಗೆ ಯಾರೂ ಹೇಳಿರಲಿಲ್ಲವಾದ್ದರಿಂದ ಅವನೇ ಹೇಳಿಕೊಳ್ಳುತ್ತಿದ್ದ.

ಅರ್ಜಿ ಹೋಯಿತು. ಉತ್ತರದ ಬದಲು, ಮೈಸೂರಿನಿಂದ ಒಬ್ಬ ಅಧಿಕಾರಿ ಬಂದು ವಿಚಾರಣೆ ಮಾಡುತ್ತಾರೆ ಎಂಬ ಸುದ್ದಿ ಬಂತು. ಅಷ್ಟರಲ್ಲಿ ಥೀನನ ಗಡುವು ತಿಂಗಳ ಕೊನೆಗೆ ಬಂದು ನಿಂತಿತ್ತು. ಯಳಂದೂರಿನ ಧಾರೆ ಸೀರೆ ಅರ್ಧ ಆಗಿ ಮಗ್ಗದ ಮೇಲಿತ್ತು. ಒಪ್ಪಿಗೆ ಸಿಗದಿದ್ದರೆ ಅವನು ಹಡಗು ಹತ್ತಬೇಕು, ತಾಯಿ ಇಲ್ಲಿಯೇ ಉಳಿಯಬೇಕು. ನಾನು ಹಾಸನ್ನು ಕತ್ತರಿಸಬೇಕು. ಮದುವೆ ಸೀರೆಯ ಹಾಸಿಗೆ ಅರ್ಧದಲ್ಲಿ ಕತ್ತರಿ ಹಾಕಿದವರ ಮನೆಗೆ ಆಮೇಲೆ ಯಾರೂ ಮದುವೆ ಸೀರೆ ಹೇಳುವುದಿಲ್ಲ. ಅದೂ ಹೋಗಲಿ, ಆ ಕತ್ತರಿ ಹಿಡಿಯುವ ಕೈ ನನ್ನದಾಗಬೇಕಲ್ಲ. ಸೊಸೆ ನೀಲಳ ಮೇಲೆ ಆ ವಾರ ವಿನಾಕಾರಣ ಹೆಚ್ಚು ಕೂಗಾಡಿದೆ. ಅವಳು ಕಾರಣ ಕೇಳಲಿಲ್ಲ. ಕಾರಣ ಇದ್ದಾಗಲೂ ಕೇಳುತ್ತಿರಲಿಲ್ಲ.

ಅಧಿಕಾರಿ ಬಂದರು. ತೆಳ್ಳಗಿನ ಮನುಷ್ಯ, ಮಾತು ಮೆತ್ತಗೆ. ಮೆತ್ತಗೆ ಮಾತಾಡುವ ಅಧಿಕಾರಿಯನ್ನು ಕಂಡರೆ ನನಗೆ ಹೆಚ್ಚು ಭಯ. ಪಾಸ್‌ಪೋರ್ಟು ನೋಡಿದರು, ಥೀನ್ ಮಲಗುವ ಜಾಗ ನೋಡಿದರು, ಮಗ್ಗದ ಮನೆಯ ಹೊಸಿಲ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತರು. ಥೀನ್ ಮಗ್ಗದ ಗುಂಡಿಯಲ್ಲಿ ಕಾಲಿಟ್ಟುಕೊಂಡು ಕೂತಿದ್ದ. ರಾಚಪ್ಪ ಕಂಬಕ್ಕೆ ಒರಗಿ ನಿಂತಿದ್ದ. ಬಾಗಿಲ ಮರೆಯಲ್ಲಿ ನೀಲ.

"ನೀವೇ ಯಜಮಾನಿಯೇನಮ್ಮ? ಈತನ ಕೆಲಸ ಹೇಗೆ?" ಎಂದು ಅಧಿಕಾರಿ ಕೇಳಿದರು.

ಸೀರೆ ಮಗ್ಗದ ಮೇಲಿದೆ, ನೇಯುವವನು ಎದುರಿಗಿದ್ದಾನೆ. ನನ್ನ ನಾಲಿಗೆ ನನ್ನನ್ನು ಕೇಳಲೇ ಇಲ್ಲ.

"ಏನಂತ ಏಳ್ಲಿ ಸಾ. ಕೈ ನಿಧಾನ. ಅಂಚು ಬಿಗಿ ಸಾಲ್ದು. ಇಲ್ಲಿ ನೋಡಿ, ಈ ಅಲೆ ಸೊಟ್ಟಗದೆ."

ಅಧಿಕಾರಿ ಬಗ್ಗಿ ನೋಡಿದರು. ಸೊಟ್ಟ ಇರಲಿಲ್ಲ. ಆದರೂ ಬರೆದುಕೊಂಡರು. ಬಾಗಿಲ ಮರೆಯಲ್ಲಿ ಬಳೆ ಸದ್ದಾಯಿತು.

"ಹಾಗಾದರೆ ಇದನ್ನು ಇಲ್ಲಿಯವರೇ ಯಾರಾದರೂ ಮಾಡಬಹುದಲ್ಲ?"

"ಯಾಕಾಗಾಕಿಲ್ಲ ಸಾ, ಮಾಡ್ಬೋದು" ಎಂದ ರಾಚಪ್ಪ, ಕಂಬ ಬಿಟ್ಟು ನೆಟ್ಟಗೆ ನಿಂತು. ಅವನ ನಾಲಿಗೆಯೂ ಅವನನ್ನು ಕೇಳಿರಲಿಲ್ಲ.

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು. "ನೋಡಿ ಅಮ್ಮ, ನನಗೆ ಯಾರ ಮೇಲೂ ಸಿಟ್ಟಿಲ್ಲ. ಕೆಲಸ ಕೊಟ್ಟವರಿಗೇ ಸಮಾಧಾನ ಇಲ್ಲ, ಮಾಡುವವರು ಊರಲ್ಲೇ ಇದ್ದಾರೆ. ನಾನು ಇನ್ನೇನು ಬರೆಯಲಿ?"

ಆಗ ಮಗ್ಗದ ಕಡೆ ಸಣ್ಣ ಸದ್ದಾಯಿತು. ಪೆನ್ನು ಮುಚ್ಚಿದ್ದನ್ನು ನೋಡಿ ಥೀನ್ ಲಾಳಿಗಳನ್ನು ಬಿಚ್ಚುತ್ತಿದ್ದ. ಒಂದೊಂದರ ನೂಲನ್ನೂ ಸುತ್ತಿ, ಗಂಟು ಹಾಕಿ, ಪುಟ್ಟಿಗೆ ಹಾಕುತ್ತಿದ್ದ. ಅವಸರವಿರಲಿಲ್ಲ, ಮುಖದಲ್ಲಿ ಸಿಟ್ಟೂ ಇರಲಿಲ್ಲ. ಅಂಗಡಿ ಮುಚ್ಚುವವನು ಹಲಗೆ ಜೋಡಿಸುವ ಹಾಗೆ. ರಾಚಪ್ಪ ಅದನ್ನೇ ನೋಡುತ್ತ ನಿಂತ. ಬೀದಿಯ ಉಳಿದ ಮಗ್ಗಗಳ ಸದ್ದು ಕೇಳುತ್ತಿತ್ತು, ನಮ್ಮ ಮನೆಯದು ಮಾತ್ರ ನಿಂತಿತ್ತು.

"ಕೂತ್ಕಳಿ ಸಾ" ಎಂದೆ. ಅವರು ಎದ್ದಿರಲಿಲ್ಲ. "ಅದು ಬೈದದ್ದಲ್ಲ. ನಮ್ಮಲ್ಲಿ ಅಂಗೇಯ. ಕೆಲ್ಸ ಬರದೋನ್ನ ನಾನು ಬೈಯಾಕಿಲ್ಲ, ಕಳಿಸ್ಬುಡ್ತೀನಿ. ಇವನ್ನ ದಿನಾ ಬೈತಾ ಇವ್ನಿ."

"ಬೈಗುಳವನ್ನು ಮೆಚ್ಚುಗೆ ಅಂತ ನಾನು ಸರ್ಕಾರಕ್ಕೆ ಬರೆಯೋಕ್ಕಾಗುತ್ತಾ ಅಮ್ಮ? ಒಂದು ಒಳ್ಳೆಯ ಮಾತು ಹೇಳಿ, ಸಾಕು."

ಒಂದು ಒಳ್ಳೆಯ ಮಾತು! ಹೆರಿಗೆಯ ನೋವು ತಿಂದಿದ್ದೇನೆ, ಅದೂ ಇಷ್ಟು ಕಷ್ಟವಾಗಿರಲಿಲ್ಲ. ಬಾಯಿ ತೆರೆದರೆ "ಅಂಚು" ಎಂದು ಬರುತ್ತಿತ್ತು, ಮುಂದೆ "ಸೊಟ್ಟ" ಎಂದು ಬರಲು ಕಾದಿರುತ್ತಿತ್ತು. ಮುಚ್ಚಿದೆ. ಮತ್ತೆ ತೆರೆದೆ. ಅತ್ತೆ ಪಕ್ಕದಲ್ಲೇ ನಿಂತು ನೋಡುತ್ತಿದ್ದ ಹಾಗಾಯಿತು. ಪುಟ್ಟಿಯಲ್ಲಿ ಲಾಳಿಗಳು ಹೆಚ್ಚಾಗುತ್ತಿದ್ದವು. ಬಾಗಿಲ ಮರೆಯಿಂದ ನೀಲ ಮೆಲ್ಲಗೆ ಅಂದಳು: "ಅತ್ತೆ, ಸತ್ತೋರ ಮುಂದೆ ಏಳಂಗೆ ಏಳ್ಬುಡಿ."

ಸೆರಗನ್ನು ಬಿಗಿಯಾಗಿ ಹಿಡಿದುಕೊಂಡೆ, ಕಣ್ಣು ಮುಚ್ಚಿದೆ. ಥೀನ್ ಚಾಪೆಯ ಮೇಲೆ ಮಲಗಿದ್ದಾನೆ, ತಲೆಯ ಹತ್ತಿರ ದೀಪ ಇದೆ ಎಂದು ಅಂದುಕೊಂಡೆ. ತಕ್ಷಣ ದಾರಿ ಸಿಕ್ಕಿತು.

"ಇಂಥಾ ಕೈ ನಾನು ಕಂಡಿಲ್ಲ ಸಾ. ನಮ್ಮತ್ತೆನೂ ಕಂಡಿರ್ನಿಲ್ಲ. ನೀರನ್ನೇ ತಂದು ಬಟ್ಟೆಗೆ ಇಡ್ತಾನೆ. ಒಂದು ಎಳೆ ತಪ್ಪಾಕಿಲ್ಲ, ಒಂದು ಮಾತು ಎದುರಾಡಾಕಿಲ್ಲ. ಈ ಸೀಮೇಲಿ ಇದು ಯಾರ್ಗೂ ಬರಾಕಿಲ್ಲ. ಈ ನನ್ನ ಮೈದುನಂಗೆ ಇನ್ನೊಂದು ಸಲ ಉಟ್ಟಿ ಬಂದ್ರೂ ಬರಾಕಿಲ್ಲ."

ಕಣ್ಣು ಬಿಟ್ಟೆ. ಅಧಿಕಾರಿ ನನ್ನನ್ನಲ್ಲ, ರಾಚಪ್ಪನನ್ನು ನೋಡುತ್ತಿದ್ದರು. "ಏನಪ್ಪ, ನೀವು ಮಾಡಬಲ್ಲೆ ಅಂದಿರಲ್ಲ?"

ಬೀದಿಯವರೆಲ್ಲ ಜಗಲಿಯಲ್ಲಿ ಸೇರಿದ್ದರು. ರಾಚಪ್ಪ ಪುಟ್ಟಿಯನ್ನು ನೋಡಿದ, ಅರ್ಧ ನಿಂತ ಸೀರೆಯನ್ನು ನೋಡಿದ. ನನ್ನನ್ನು ನೋಡಲಿಲ್ಲ.

"ಮಾಡ್ತಿದ್ದೆ ಸಾ. ಈಚೆಗೆ ಕಣ್ಣು ಮಂಜು."

ಎದುರು ಸಾಲಿನ ಮನೆಯವರ ತಟ್ಟೆಯಲ್ಲಿ ಎಷ್ಟು ಕಾಳು ಬಿದ್ದಿದೆ ಎಂದು ಇಲ್ಲಿಂದಲೇ ಹೇಳುವವನ ಕಣ್ಣು ಮಂಜಂತೆ! ಅಧಿಕಾರಿ ನಗಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ಬಹಳ ಹೊತ್ತು ಬರೆದರು. ನನ್ನ ಕೈಲಿ ರುಜು ಹಾಕಿಸಿಕೊಂಡರು. ಕಾಫಿ ಕುಡಿದು, ಒಪ್ಪಿಗೆ ಬರುತ್ತದೆ, ಅಲ್ಲಿಯವರೆಗೆ ಎಲ್ಲಿಗೂ ಕಳಿಸಬೇಡಿ ಎಂದು ಹೇಳಿ ಹೋದರು. ನಾನು ಮೊದಲು ಮಾಡಿದ ಕೆಲಸ ಸೀರೆಯಿಂದ ಒಂದು ನೂಲು ಚಿವುಟಿ ಒಲೆಗೆ ಹಾಕಿದ್ದು.

ತಿರುಗಿ ಬಂದರೆ ಥೀನ್ ಪುಟ್ಟಿಯನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದಾನೆ. ಮುಖ ಬಿಳಿಚಿಕೊಂಡಿದೆ. "ಅಮ್ಮಾ, ನಾನ್ ಪೋಗಣುಮಾ?" ಎಂದ, ನಾನು ಹೋಗಬೇಕಾ ಎಂದು. ಅಧಿಕಾರಿಯ ಮೈಸೂರು ಕನ್ನಡ ಅವನಿಗೆ ಅರ್ಥವಾಗಿರಲಿಲ್ಲ. ದಿನಾ ಕೇಳುವ ನನ್ನ ಮಾತು ಮಾತ್ರ ಅರ್ಥವಾಗಿತ್ತು. ಈ ಮನೆಯಲ್ಲಿ ಹೊಗಳಿಸಿಕೊಂಡವರು ಉಳಿಯುವುದಿಲ್ಲ ಎಂದು ಅವನೂ ಕಲಿತಿದ್ದ.

ನಾನು ಮಗ್ಗದ ಹತ್ತಿರ ಹೋಗಿ, ಅಂಗೈಯನ್ನು ಸೀರೆಯ ಮೇಲೆ ಆಡಿಸಿದೆ. "ಏನ್ಲಾ ಇದು, ಸೊಟ್ಟಗದೆ! ಸರ್ಕಾರದೋರ ಮುಂದೆ ಮಾನ ಕಳದೆ. ಕೂತ್ಕ, ಸರಿ ಮಾಡು."

ಅವನ ಮುಖಕ್ಕೆ ಕಳೆ ಬಂತು. ಗುಂಡಿಗೆ ಕಾಲು ಇಳಿಬಿಟ್ಟು ಕೂತ. ರಾಚಪ್ಪ ಎದುರು ಕೂತು, ಪುಟ್ಟಿಯಿಂದ ಲಾಳಿಗಳನ್ನು ಒಂದೊಂದೇ ಎತ್ತಿ ಗಂಟು ಬಿಚ್ಚಿ ಕೊಟ್ಟ. ಎಷ್ಟು ಸಣ್ಣ ಗಂಟುಗಳು, ಆ ಮಂಜು ಕಣ್ಣಿಗೆ ಒಂದೂ ತಪ್ಪಲಿಲ್ಲ.

ಒಪ್ಪಿಗೆ ಬಂತು, ಸೀರೆ ಯಳಂದೂರಿಗೆ ಹೋಯಿತು. ಅವತ್ತಿನ ದಿನ ನೀಲ ಮುದ್ದೆ ಬಡಿಸುತ್ತ, "ನಾನೂ ಬರ್ಮಾದಲ್ಲಿ ಉಟ್ಟಿ ಬರ್ಬೇಕಿತ್ತು ಅತ್ತೆ" ಎಂದಳು. ಸಾರು ಚೆನ್ನಾಗಿತ್ತು. "ಉಪ್ಪು ಒಂದು ಕಲ್ಲು ಕಮ್ಮಿ" ಎಂದೆ.

ಈಗ ಮಗ್ಗ ನೋಡಿಕೊಳ್ಳುವವಳು ಅವಳೇ. ಇದನ್ನೆಲ್ಲ ಬರೆದು ಅವಳಿಗೆ ಓದಲು ಕೊಟ್ಟೆ. ನಿಂತುಕೊಂಡೇ ಓದಿದಳು. ನಾನು ಗೋಡೆ ನೋಡುವವಳ ಹಾಗೆ ಕೂತು ಅವಳ ಮುಖವನ್ನೇ ನೋಡುತ್ತಿದ್ದೆ. ಹಾಳೆಯ ಮೇಲೆ ಅಂಗೈ ಆಡಿಸಿ, "ಸಾಲು ಸೊಟ್ಟ" ಎಂದಳು. ಆಮೇಲೆ ಒಳಗೆ ಹೋಗುತ್ತ, ಯಾರಿಗೋ ಹೇಳುವ ಹಾಗೆ, "ಪರವಾಗಿಲ್ಲ" ಎಂದಳು.

ಅವತ್ತು ನಾನು ಒಂದು ಮುದ್ದೆ ಹೆಚ್ಚಿಗೆ ಉಂಡೆ.