ಅಲ್ ಸದ್ದ್‌ನ ಚೌಗಾನ್ ವೀರ

ದೋಹಾದಲ್ಲಿ ನನ್ನ ಮಾವನಷ್ಟು ಪೋಲೊ ಆಡಿದವರು ಇನ್ನೊಬ್ಬರಿಲ್ಲ. ಅವರು ಒಮ್ಮೆಯೂ ಕುದುರೆ ಹತ್ತಿಲ್ಲ ಎಂಬುದು ಬೇರೆ ಮಾತು!

ಅಲ್ ಸದ್ದ್‌ನ ಫ್ಲ್ಯಾಟಿನ ಹಾಲ್ ಅವರ ಮೈದಾನ. ಸೋಫಾದ ಕೈಯೇ ಕುದುರೆ. ಕೋಲು ಯಾವುದೆನ್ನುತ್ತೀರಾ? ಅತ್ತೆ ನೆಲ ಒರೆಸುವ ಮಾಪ್! ದಿನಚರಿ ಬರೆಯುವ ನನಗೆ ಎಲ್ಲದರ ಲೆಕ್ಕ ಇಡುವ ಚಟ. 2006ರ ಚಳಿಗಾಲದ್ದು ಹೀಗಿದೆ: ಒಡೆದ ಟ್ಯೂಬ್‌ಲೈಟ್ ಎರಡು, ಹೂದಾನಿ ಒಂದು, ಗೋಲು ಸೊನ್ನೆ.

ಈ ಹುಚ್ಚು ಹಿಡಿಸಿದವರು ಅವರ ಆಫೀಸಿನ ಇರಾನಿ ಅಕೌಂಟೆಂಟ್. ಅವರು ಹೇಳಿದ್ದು ಇಷ್ಟು: ಪೋಲೊ ಇಂಗ್ಲಿಷರದ್ದಲ್ಲ, ಪರ್ಷಿಯಾದ ಚೌಗಾನ್. ರಾಜರಷ್ಟೇ ಅಲ್ಲ, ರಾಣಿಯರೂ ಆಡುತ್ತಿದ್ದರು. ಇಸ್ಫಹಾನಿನ ಚೌಕದಲ್ಲಿ ಕಲ್ಲಿನ ಗೋಲುಕಂಬಗಳು ಈಗಲೂ ನಿಂತಿವೆ. ಮಾವ ಮೊದಲೇ ಕೂತಲ್ಲಿ ಕೂರದ, ಊಟದಲ್ಲೂ ಕಾಲು ಕುಣಿಸುವ ಮನುಷ್ಯ. ಇಷ್ಟು ಕೇಳಿದ ಮೇಲೆ ಕೇಳಬೇಕೆ? ಮನೆಗೆ ಬಂದವರ ಬಿರಿಯಾನಿ ತಣ್ಣಗಾದರೂ ಕಥೆ ನಿಲ್ಲುತ್ತಿರಲಿಲ್ಲ. ಇವತ್ತು ಎರಡು ಸಾವಿರ ವರ್ಷ ಹಳೆಯದಾದ ಆಟ ನಾಳೆಗೆ ಐದು ಸಾವಿರ ವರ್ಷದ್ದಾಗುತ್ತಿತ್ತು. ನಾನು ತಿದ್ದುತ್ತಿದ್ದೆ.

“ನಿನಗೆ ಎಂತ ಮಾರಾಯ, ರೆಫರಿ ಕೆಲಸವಾ?” ಎನ್ನುತ್ತಿದ್ದರು.

ನಜ್ಮಾ ಪೇಟೆಯಲ್ಲಿ ಸವಾರಿಯ ಪ್ಯಾಂಟನ್ನೂ ಹೊಲಿಸಿದರು. ಯಾವ ನಾಟಕಕ್ಕೆ ಎಂದು ಟೈಲರ್ ಕೇಳಿದನಂತೆ. ದಿನಾ ಮನೆಯಲ್ಲಿ ನಡೆಯುವ ನಾಟಕಕ್ಕೆ ಎಂದು ಉತ್ತರ ಕೊಟ್ಟವರು ಅತ್ತೆ.

ಅಷ್ಟರಲ್ಲಿ ಮಾವನ ಕಂಪನಿ ಮುಚ್ಚಿತು. ಐವತ್ತೆಂಟರ ವಯಸ್ಸಿಗೆ ಬೇರೆ ಕೆಲಸ ಸಿಗಲಿಲ್ಲ, ಉಡುಪಿ ಕಡೆಯ ಊರಿಗೆ ಟಿಕೆಟ್ ಆಯಿತು. ಹೋಗುವ ಮೊದಲು ಒಂದು ಸಲವಾದರೂ ಕುದುರೆ ಹತ್ತಬೇಕು ಎಂದರು. ಕೊನೆಯ ಶುಕ್ರವಾರ ಅಲ್ ಶಮಾಲ್ ದಾರಿಯಲ್ಲಿದ್ದ ಒಂದು ಲಾಯಕ್ಕೆ ಕರೆದುಕೊಂಡು ಹೋದೆ. ಒಂದು ಚೆಂಡಿನ ಜೊತೆ ಮಾಪ್ ಕೂಡ ಬಂತು!

ಸುಡಾನಿನ ಲಾಯದವನು ಮುದಿ ಹೆಣ್ಣುಕುದುರೆಯೊಂದನ್ನು ತಂದು, ಹತ್ತಿ ಎಂಬಂತೆ “ಯಲ್ಲಾ” ಎಂದ. ಹೊಸ ಪ್ಯಾಂಟಿನ ಮಾವ ರಿಕಾಪಿಗೆ ಕಾಲಿಟ್ಟರು. ಮಂಡಿ ಒಪ್ಪಲಿಲ್ಲ. ಮತ್ತೆ ಇಟ್ಟರು. ಕುದುರೆ ಆಕಳಿಸಿತು. ಇನ್ನೊಮ್ಮೆ ಪ್ರಯತ್ನಿಸಿದಾಗ ಲಾಯದವನೇ ಮೆಲ್ಲಗೆ, “ಖಲಾಸ್, ಬಾಬಾ” ಎಂದ.

ಮಾವ ಕುದುರೆಯ ಕತ್ತಿನ ಮೇಲೆ ಕೈಯಿಟ್ಟು ನಿಂತರು. ಆ ಕಾಲುಗಳು ಅಲ್ಲಾಡದೆ ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು. ನನಗೆ ಹೆದರಿಕೆಯಾಯಿತು.

“ಚೌಗಾನ್‌ಗೆ ಕಥೆ ಹೇಳುವವ ಸಹ ಬೇಕು ಮಾರಾಯ,” ಎಂದರು ಕೊನೆಗೆ. “ಅವ ಮೈದಾನದ ಬದಿಯಲ್ಲಿ ನಿಲ್ಲುವುದು. ನೀನು ಹತ್ತು.”

ಹತ್ತಿದೆ. ಮಾಪ್ ಬೀಸಿದೆ. ಚೆಂಡು ಇದ್ದಲ್ಲೇ ಇತ್ತು. ಆದರೆ ಕುದುರೆಯ ಪಕ್ಕದಲ್ಲಿ ನಡೆಯುತ್ತಾ ಮಾವ ಹೇಳುತ್ತಿದ್ದ ಕಥೆಯಲ್ಲಿ ಅದು ಇಸ್ಫಹಾನಿನ ಕಲ್ಲುಕಂಬಗಳ ನಡುವೆ ಹಾದುಹೋಯಿತು, ಡೋಲು ಮೊಳಗಿತು, ಪರ್ಷಿಯಾದ ಶಹನೇ ಎದ್ದು ನಿಂತ. ಚೆಂಡು ಹೊಡೆದವನು ಉಡುಪಿ ಕಡೆಯವನಂತೆ, ಅಲ್ ಸದ್ದ್‌ನಲ್ಲಿ ಮನೆಯಂತೆ, ವಯಸ್ಸು ಐವತ್ತೆಂಟಂತೆ.

ನಾನು ತಿದ್ದಲಿಲ್ಲ.