ಲಗ್ನಪತ್ರಿಕೆಗಳಿಗೊಂದು ಬಾಡಿಗೆ ಮನೆ

ಕೆಲವರಿಗೆ ಹೋದಲ್ಲೆಲ್ಲ ನೆಂಟರು ಸಿಗುತ್ತಾರೆ. ನನಗೆ ಹೋದಲ್ಲೆಲ್ಲ ಅರ್ಥವಾಗದ ಕೆಲಸ ಸಿಗುತ್ತದೆ. ಹಳೇ ಯಲಹಂಕದ ಲಗ್ನಪತ್ರಿಕೆ ಪ್ರೆಸ್ಸಿಗೆ ಟೈಪು ಮಾಡಲು ಸೇರಿದವಳು ನಾನು. ಕೊನೆಗೆ, ಐದು ಕಂಪ್ಯೂಟರಿನಲ್ಲಿದ್ದದ್ದನ್ನೆಲ್ಲ ಇಂಟರ್ನೆಟ್ಟಿನಲ್ಲಿ ಎಲ್ಲೋ ಜೋಪಾನ ಮಾಡುವ ಕಂಪನಿಯನ್ನು ಆರಿಸುವ ಕೆಲಸವೂ ನನ್ನ ತಲೆಗೇ ಬಂತು.

ಕೆಳಗೆ ಪ್ರೆಸ್ಸು, ಮೇಲೆ ಮಾಲೀಕರ ಮನೆ. ಬಾಗಲೂರಿನ ಹೊಲ ಮಾರಿ ಇಲ್ಲಿ ಕಟ್ಟಡ ಎಬ್ಬಿಸಿದವರು ಅವರು. ಯಾವ ಹೊಸ ವಿಷಯವಾದರೂ ಅದು ಸೈಟೋ ಬಾಡಿಗೆ ಮನೆಯೋ ಆದರೆ ಮಾತ್ರ ಅವರ ತಲೆಗೆ ಹೋಗುತ್ತಿತ್ತು. ಜೊತೆಗೆ ಅವರ ತಾಯಿ, ನಮಗೆಲ್ಲ ಅಜ್ಜಿ.

ದೇವರ ಗೂಡು

ಮೊದಲು ನಮ್ಮ ಬ್ಯಾಕಪ್ ಎಂದರೆ ಒಂದು ಪೆನ್‌ಡ್ರೈವ್. ತಿಂಗಳಿಗೊಮ್ಮೆ ಎಲ್ಲವನ್ನೂ ಅದಕ್ಕೆ ತುಂಬಿ, ಕಳೆಯಬಾರದೆಂದು ಪ್ರೆಸ್ಸಿನ ದೇವರ ಗೂಡಿನಲ್ಲಿ ಇಡುತ್ತಿದ್ದೆವು. ಅದರ ಮುಚ್ಚಳ ಕಳೆದದ್ದು ಯಾರಿಗೂ ದೊಡ್ಡ ವಿಷಯ ಅನಿಸಲಿಲ್ಲ.

ಒಂದು ದಿನ ಮೂರನೇ ಕಂಪ್ಯೂಟರ್ ಕೆಟ್ಟಿತು. ತಣಿಸಂದ್ರದವರ ಮದುವೆ ಪತ್ರಿಕೆ ಅದರೊಳಗೇ ಉಳಿಯಿತು. ಪೆನ್‌ಡ್ರೈವ್ ತಂದು ಚುಚ್ಚಿದರೆ ಒಳಗೇ ಹೋಗಲೊಲ್ಲದು. ಅಜ್ಜಿ ದಿನಾ ದೇವರ ಜೊತೆ ಅದಕ್ಕೂ ಅರಿಶಿನ ಕುಂಕುಮ ಏರಿಸಿದ್ದರು. ರಿಪೇರಿಯವರು ಸೂಜಿಯಲ್ಲಿ ಕೆದಕಿ ಕೆದಕಿ ಸೋತು, "ಮೇಡಂ, ಇದ್ರಿಂದ ಇನ್ನೇನೂ ಬರಲ್ಲ. ಹಣೆಗಿಟ್ಕೊಳ್ಳಿ" ಎಂದು ವಾಪಸ್ ಕೊಟ್ಟರು.

ಮಾಲೀಕರು ನಗಲಿಲ್ಲ. "ಇನ್ನೊಂದ್ ಪತ್ರಿಕೆ ಕಳೀಲಿ, ಪ್ರೆಸ್ ಮುಚ್ಚಿ ಮಳಿಗೆ ಬಾಡಿಗೆಗೆ ಕೊಟ್ಬಿಡ್ತೀನಿ. ಅದೇನೋ ಬ್ಯಾಕಪ್ ಕಂಪನಿಗಳು ಇದಾವಂತಲ್ಲ, ನೀವೇ ಒಂದು ನೋಡಿ" ಎಂದರು. ನಾವು ನಾಲ್ಕು ಜನ ಆ ಸಂಬಳವನ್ನೇ ನಂಬಿದ್ದೆವು. ನನಗೆ ನಿಜಕ್ಕೂ ಭಯವಾಯಿತು. ಪಕ್ಕದ ಮೊಬೈಲ್ ಅಂಗಡಿಯವನು ಅವತ್ತೇ ಅಳತೆ ಟೇಪು ಹಿಡಿದು ಬಾಗಿಲಲ್ಲಿ ನಿಂತಿದ್ದ.

ಚೆಕ್ಕುಬಂದಿ

ಹೆಬ್ಬಾಳದ ಕಡೆಯಿಂದ ಒಬ್ಬರು ಟೈ ಕಟ್ಟಿಕೊಂಡು ಬಂದು, ತಮ್ಮ ಕಂಪನಿಯಂಥದ್ದು ಇನ್ನೊಂದಿಲ್ಲ ಎಂದು ಒಂದು ಗಂಟೆ ವಿವರಿಸಿದರು. ನಾನು ಗೊತ್ತಾದವಳ ಹಾಗೆ ತಲೆಯಾಡಿಸುತ್ತಿದ್ದೆ. ಕೊನೆಗೆ ಮಾಲೀಕರು ಬಾಯಿಬಿಟ್ಟರು.

"ಎಲ್ಲಾ ಸರಿ, ಜಾಗ ಎಲ್ಲಿದೆ?"

"ಫಾರಿನ್‌ನಲ್ಲಿ ಸರ್. ನಾಲ್ಕು ಕಡೆ ಇದೆ."

"ನಾಲ್ಕು ಬೇಡ, ಒಂದರ ಚೆಕ್ಕುಬಂದಿ ಹೇಳಿ. ಪೂರ್ವಕ್ಕೆ ಯಾರ ಜಾಗ, ಪಶ್ಚಿಮಕ್ಕೆ ಯಾರ ಜಾಗ?"

ಟೈ ಕಟ್ಟಿದವರು ನನ್ನ ಮುಖ ನೋಡಿದರು. ನಾನು ಪೆನ್ನಿನ ಮುಚ್ಚಳ ನೋಡಿದೆ. "ಅದನ್ನ ಯಾರಿಗೂ ಹೇಳಲ್ಲ ಸರ್, ಸೆಕ್ಯೂರಿಟಿ" ಎಂದರು ಪಾಪ.

"ಹೇಳದೇ ಇರೋ ಜಾಗ ಎಷ್ಟೋ ನೋಡಿದೀನಿ ಕಣ್ರೀ. ದುಡ್ಡು ಕೊಟ್ಟ ಮೇಲೆ ಕೆರೆ ಅಂಗಳ ಅಂತಾರೆ!"

ನಿಜವಾದ ಫೈನಲ್

ಎರಡನೇ ಕಂಪನಿಯವರು ಫೋನಿನಲ್ಲೇ ಕೇಳಿದರು: "ಒಂದೊಂದು ಫೈಲಿನ ಹಳೇ ಪ್ರತಿ ಎಷ್ಟು ಇಟ್ಕೊಬೇಕು ಮೇಡಂ? ಐದು ಸಾಕಾ?"

ನಾನು ಒಂದೇ ಒಂದು ಮದುವೆಯ ಫೋಲ್ಡರ್ ತೆರೆದು ಓದಿ ಹೇಳಿದೆ. ಫೈನಲ್. ಫೈನಲ್ ಎರಡು. ನಿಜವಾದ ಫೈನಲ್. ಚಿಕ್ಕಪ್ಪ ಸೇರಿದ ಫೈನಲ್. ಚಿಕ್ಕಪ್ಪ ತೆಗೆದ ಫೈನಲ್. ಚಿಕ್ಕಪ್ಪ ಬಂದು ಜಗಳ ಆಡಿದ ಮೇಲಿನ ಫೈನಲ್. ಸುಖಾಗಮನ ಬಯಸುವವರ ಪಟ್ಟಿಯಲ್ಲಿ ಒಂದು ಹೆಸರು ಅತ್ತಿತ್ತ ಆದರೂ ಮದುವೆ ಮನೆಯಲ್ಲಿ ಎಲೆ ಮುಂದೆ ಕೂರದ ಜನ ಇದ್ದಾರೆ.

"ಇದ್ರಲ್ಲಿ ಯಾವುದು ಬೇಕು, ಯಾವುದು ಬೇಡ ಮೇಡಂ?"

"ತಾಳಿ ಕಟ್ಟೋ ತನಕ ಹೇಳೋಕಾಗಲ್ಲ."

ಫೋನ್ ಆ ಕಡೆಯಿಂದಲೇ ಕಟ್ಟಾಯಿತು.

ದೀಪದ ಹೊತ್ತು

ಮೂರನೇ ಕಂಪನಿ ಎಲ್ಲ ಹಳೇ ಪ್ರತಿಗಳನ್ನೂ ಇಟ್ಟುಕೊಳ್ಳಲು ಒಪ್ಪಿತು. ಮಾಲೀಕರನ್ನು ಒಪ್ಪಿಸುವುದೇ ಕಷ್ಟವಾಯಿತು. ನನಗೂ ಸರಿಯಾಗಿ ಗೊತ್ತಿರಲಿಲ್ಲವಲ್ಲ, ಬಾಯಿಗೆ ಬಂದದ್ದು ಹೇಳಿಬಿಟ್ಟೆ: "ಬಾಡಿಗೆ ಮನೆ ಅಂದ್ಕೊಳ್ಳಿ ಸರ್. ನಮ್ಮ ಸಾಮಾನು ಅಲ್ಲಿರುತ್ತೆ. ಒಂದು ವರ್ಷದ್ದು ಮೊದಲೇ ಕೊಡಬೇಕು."

"ಅಡ್ವಾನ್ಸ್ ಅನ್ನಿ! ಇಷ್ಟು ಹೇಳೋಕೆ ಇಷ್ಟು ದಿನ ಬೇಕಾಯ್ತಾ?" ಎಂದು ಅವತ್ತೇ ಸಹಿ ಹಾಕಿದರು.

ದಿನಾ ಸಂಜೆ ಆರೂವರೆಗೆ ಬ್ಯಾಕಪ್ ಶುರುವಾಗಬೇಕು. ದಿನಾ ಬೆಳಗ್ಗೆ ನೋಡಿದರೆ 'ಪೂರ್ತಿಯಾಗಿಲ್ಲ' ಎಂಬ ಕೆಂಪು ಅಕ್ಷರ. ಮೂರು ವಾರ ಕಸ್ಟಮರ್ ಕೇರಿನವರು ಅವರಿಗೆ ತೋಚಿದ್ದೆಲ್ಲ ಬದಲಾಯಿಸಿದರು. ಇಂಟರ್ನೆಟ್ಟಿನವರು ಕಂಬ ಹತ್ತಿ ವೈರು ಬದಲಾಯಿಸಿದರು. ಕಾರಣ ಹಿಡಿಯಲೇಬೇಕೆಂದು ನಾನು ಒಂದು ಸಂಜೆ ಮನೆಗೆ ಹೋಗದೆ ಉಳಿದೆ. ಆರೂವರೆಗೆ ಅಜ್ಜಿ ದೀಪ ಹಿಡಿದು ಕೆಳಗಿಳಿದರು, ಗೂಡಿಗೆ ಕೈಮುಗಿದರು, ತಿರುಗಿ ಇಂಟರ್ನೆಟ್ ಡಬ್ಬದ ಸ್ವಿಚ್ಚು ಆರಿಸಿದರು. ಬೆಳಗ್ಗೆ ಬಾಗಿಲು ತೆಗೆದು ಅದನ್ನು ಮತ್ತೆ ಹಾಕುತ್ತಿದ್ದವರೂ ಅವರೇ.

"ಅಜ್ಜೀ, ಯಾಕೆ?"

"ಇದು ಒಳಗಿರೋದ್ನೆಲ್ಲ ಒರಕ್ಕೆ ಕಳಿಸ್ತದೆ ಅಂತ ನೀನೇ ಏಳ್ದಲ್ಲವ್ವ. ದೀಪ ಅಚ್ಚೋ ಒತ್ನಲ್ಲಿ ಮೊಸ್ರು ಕೊಡಕಿಲ್ಲ, ಉಪ್ಪು ಕೊಡಕಿಲ್ಲ, ಲಗ್ನಪತ್ರಿಕೆ ಕೊಡ್ತೀರಾ?"

ವಾದಿಸಿ ಉಪಯೋಗವಿರಲಿಲ್ಲ. ಅಜ್ಜಿ ಪಂಚಾಂಗ ನೋಡಿ ಬೆಳಗ್ಗೆ ಹನ್ನೊಂದಕ್ಕೆ ಸಮಯ ಕೊಟ್ಟರು. ಶುಕ್ರವಾರ ಬಿಟ್ಟರೆ ಆ ಹೊತ್ತಿಗೆ ಯಾವ ವಾರವೂ ರಾಹುಕಾಲವಿಲ್ಲ. ಮಂಗಳವಾರ, ಶುಕ್ರವಾರ ಹೇಗೂ ಮನೆಯಿಂದ ಏನೂ ಹೊರಗೆ ಹೋಗುವಂತಿಲ್ಲ. ನಾನು ಕಸ್ಟಮರ್ ಕೇರಿಗೆ ಫೋನ್ ಮಾಡಿದೆ.

"ಮಂಗಳವಾರ, ಶುಕ್ರವಾರ ನಿಮಗೆ ರಜಾನಾ ಮೇಡಂ?" ಎಂದಳು ಆ ಹುಡುಗಿ.

"ರಜಾ ಇಲ್ಲ. ಹೊರಗೆ ಕೊಡಲ್ಲ."

ಅವಳು ದನಿ ಇಳಿಸಿ, "ನಮ್ಮನೇಲೂ ಕೊಡಲ್ಲ ಮೇಡಂ" ಎಂದು ಹಾಗೇ ಬದಲಾಯಿಸಿದಳು.

ಮನೆ ಖಾಲಿ

ಕೆಲವು ತಿಂಗಳ ನಂತರ ಒಂದು ಶುಕ್ರವಾರ ಎರಡನೇ ಕಂಪ್ಯೂಟರ್ ಕಣ್ಣು ಮುಚ್ಚಿತು. ಯಶವಂತಪುರದವರ ಪತ್ರಿಕೆ ಮಾರನೇ ದಿನ ಅಚ್ಚಾಗಬೇಕು. ಮೊಬೈಲ್ ಅಂಗಡಿಯವನ ಟೇಪು ನನ್ನ ಕಣ್ಣ ಮುಂದೆ ಬಂತು. ಇನ್ನೊಂದು ಕಂಪ್ಯೂಟರಿನ ಮುಂದೆ ಕೂತು, ಬ್ಯಾಕಪ್ಪಿನಲ್ಲಿದ್ದದ್ದನ್ನೆಲ್ಲ ವಾಪಸ್ ಕೇಳಿದೆ. ಒಂದೊಂದೇ ಫೈಲು ಇಳಿಯತೊಡಗಿತು. ನಮ್ಮ ಪತ್ರಿಕೆ ಇನ್ನೂ ಬರಬೇಕು, ಅಷ್ಟರಲ್ಲಿ ಮೆಟ್ಟಿಲ ಮೇಲೆ ದೀಪ ಕಾಣಿಸಿತು. ನಾನು ಎರಡೂ ಕೈ ಚಾಚಿ ಡಬ್ಬಕ್ಕೆ ಅಡ್ಡ ನಿಂತೆ.

"ಇವತ್ತೊಂದಿನ ಆರಿಸಬೇಡಿ ಅಜ್ಜಿ!"

"ಶುಕ್ರವಾರ ಏನು ಓಗ್ತಾ ಐತೆ?"

"ಹೋಗ್ತಿಲ್ಲ ಅಜ್ಜಿ. ಬರ್ತಾ ಇದೆ."

ಅಜ್ಜಿಯ ಮುಖವೇ ಬದಲಾಯಿತು. "ಶುಕ್ರವಾರ, ದೀಪ ಅಚ್ಚೋ ಒತ್ನಲ್ಲಿ ಬರ್ತಾ ಐತಾ? ನಿಂತ್ಕೊಂಡು ಏನ್ ನೋಡ್ತೀಯ, ಇತ್ಲು ಬಾಗ್ಲು ಮುಚ್ಚು, ಮುಂದ್ಗಡೆ ತೆಗಿ!" ಎಂದವರೇ ಡಬ್ಬಕ್ಕೆ ಆರತಿ ಎತ್ತಿದರು. ಪತ್ರಿಕೆ ಬಂತು, ಚಿಕ್ಕಪ್ಪಂದಿರೆಲ್ಲರ ಸಮೇತ ಬಂತು. ನಾನು ಕುರ್ಚಿಯಲ್ಲಿ ಕೂತು ಅತ್ತೇಬಿಟ್ಟೆ.

ಶನಿವಾರ ಮಾಲೀಕರು ಮೈಸೂರು ಪಾಕಿನ ಡಬ್ಬ ಹಿಡಿದು ಬಂದರು.

"ಸಾಮಾನೆಲ್ಲ ವಾಪಸ್ ಬಂತಾ ಮೇಡಂ?"

"ಒಂದೂ ಬಿಡದೆ ಬಂತು ಸರ್."

"ಹಾಗಂತ ಅಮ್ಮ ಹೇಳಿದ್ರು. ಅದಕ್ಕೇ ಬೆಳಗ್ಗೆ ನಾನೇ ಆ ಕಂಪನಿಯವರಿಗೆ ಫೋನ್ ಮಾಡಿ, ಮನೆ ಖಾಲಿ ಮಾಡಿದೀವಿ ಅಂತ ಹೇಳ್ಬಿಟ್ಟೆ. ಅಡ್ವಾನ್ಸ್ ನೀವು ಕೇಳಿ ಈಸ್ಕೊಳ್ಳಿ. ಬಣ್ಣ ಹೊಡಿಸ್ಬೇಕು ಅಂತ ಒಂದ್ ತಿಂಗಳದ್ದು ಹಿಡ್ಕೊಳ್ತಾರೆ, ಬಿಡಬೇಡಿ. ನಾವು ಅವರ ಗೋಡೆಗೆ ಒಂದ್ ಮೊಳೆ ಕೂಡ ಹೊಡ್ದಿಲ್ಲ!"